ರೇಡಿಯೇಟರಿನ ಹೂಳು, ಮಲಪ್ರಭೆಯ ಹೂಳು

ಬಹಳ ದಿನಗಳಿಂದ ಬ್ಲಾಗ್ ಕಡೆ ತಲೆ ಹಾಕಿರಲಿಲ್ಲ. ಕಾರಣ ಆಫೀಸಿನ ಕೆಲಸವಲ್ಲ, ಚಳಿ :) ಬೈಲಹೊಂಗಲದ ಬಿಸಿಲಿನಲ್ಲಿ ಬೆಳೆದ ನಾನು ಕಂಪನಿ ಪ್ರಾಜೆಕ್ಟ್ ಮೇಲೆ ಲಂಡನ್ ಹತ್ತಿರದ ರೆಡಿಂಗ್ ಊರಿಗೆ ಬಂದು ಇದು ಎರಡನೇ ಚಳಿಗಾಲ. ಬಾಡಿಗೆ ಮನೆಯಲ್ಲಿ ಏಳು ರೇಡಿಯೇಟರ್‌ಗಳಿವೆ. ಬಾಯ್ಲರಿನಲ್ಲಿ ಕಾದ ನೀರು ಕೊಳವೆಯಲ್ಲಿ ಹರಿದು ಇವನ್ನೆಲ್ಲ ಬಿಸಿ ಮಾಡಿ ಮತ್ತೆ ಬಾಯ್ಲರಿಗೇ ಬರಬೇಕು. ಹೋದ ತಿಂಗಳು ಮಗು ಮಲಗುವ ಕೋಣೆಯ ರೇಡಿಯೇಟರ್ ಮೇಲೆ ಬಿಸಿ, ಕೆಳಗೆ ಪೂರ್ತಿ ತಣ್ಣಗೆ! ಮಗುವಿಗೆ ಕೆಮ್ಮು ಬೇರೆ.

ಪ್ಲಂಬರ್ ಬಂದು ಕೈಯಿಟ್ಟು ನೋಡಿದ. ಮೇಲ್ಭಾಗ ತಣ್ಣಗಿದ್ದರೆ ಒಳಗೆ ಗಾಳಿ ಸೇರಿದೆ ಎಂದರ್ಥ, ಕೆಳಭಾಗ ತಣ್ಣಗಿದ್ದರೆ ಹೂಳು ಕೂತಿದೆ ಎಂದರ್ಥವಂತೆ. ದೊಡ್ಡ ಪಂಪು ಜೋಡಿಸಿ, ನೀರನ್ನು ಒಮ್ಮೆ ಹಿಂದಕ್ಕೆ ಒಮ್ಮೆ ಮುಂದಕ್ಕೆ ನುಗ್ಗಿಸುತ್ತ, ರಬ್ಬರ್ ಸುತ್ತಿಗೆಯಿಂದ ರೇಡಿಯೇಟರನ್ನು ತಟ್ಟುತ್ತ ಇಡೀ ದಿನ ಕೂತ. ಹೊರಬಂದದ್ದು ಮಸಿಯಂಥ ಕಪ್ಪು ನೀರು. ಅದರಲ್ಲಿ ಅಯಸ್ಕಾಂತ ಅದ್ದಿ ತೆಗೆದರೆ ಕಪ್ಪು ಮುಳ್ಳುಹಂದಿ! ಅದು ಮ್ಯಾಗ್ನಟೈಟ್, ಅಂದರೆ ರೇಡಿಯೇಟರಿನ ಉಕ್ಕೇ ಕರಗಿ ಆದ ಒಂದು ಬಗೆಯ ತುಕ್ಕು. ನೀರು ತಿಳಿಯಾದ ಮೇಲೆ ತುಕ್ಕು ತಡೆಯುವ ರಾಸಾಯನಿಕ ಹಾಕಿ ಹೋದ.

ಕುತೂಹಲಕ್ಕೆ ಇದರ ಚರಿತ್ರೆ ಕೆದಕಿದೆ. ಲಂಡನ್ನಿನಲ್ಲಿ ಆಂಜಿಯರ್ ಮಾರ್ಚ್ ಪರ್ಕಿನ್ಸ್ ಎಂಬಾತ ಬಿಸಿನೀರಿನ ಕೊಳವೆಗಳಿಂದ ಕಟ್ಟಡ ಕಾಯಿಸುವ ವಿಧಾನಕ್ಕೆ ಪೇಟೆಂಟ್ ಪಡೆದದ್ದು 1831ರಲ್ಲಿ. ನಮ್ಮ ಕಿತ್ತೂರು ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ ತೀರಿಕೊಂಡದ್ದು 1829ರಲ್ಲಿ. ಕೇವಲ ಎರಡು ವರ್ಷದ ಅಂತರ! 1850ರ ದಶಕದಲ್ಲಿ ಸೇಂಟ್ ಪೀಟರ್ಸ್‌ಬರ್ಗಿನ ಫ್ರಾಂಜ್ ಸ್ಯಾನ್ ಗಾಲಿ ರೇಡಿಯೇಟರ್ ತಯಾರಿಸಿದ. ಹಳೆಯ ಕಾಲದ ಎರಕದ ಕಬ್ಬಿಣ ದಪ್ಪ, ಕೊಳವೆಗಳೂ ಅಗಲ. ಎಷ್ಟೋ ಹೂಳು ಕೂತರೂ ನೀರು ಹರಿಯುತ್ತಿತ್ತು. ಆಮೇಲೆ ತೆಳು ಉಕ್ಕಿನ ರೇಡಿಯೇಟರ್ ಬಂತು, ವಿದ್ಯುತ್ ಪಂಪು ಬಂತು, 1970ರ ದಶಕದಲ್ಲಿ ಬೆರಳಿಗಿಂತ ಸಣ್ಣ ಕೊಳವೆಗಳೂ ಬಂದವು. ಖರ್ಚು ಇಳಿಯಿತು, ಸಾಮಾನ್ಯರ ಮನೆಯೂ ಬೆಚ್ಚಗಾಯಿತು. ಆದರೆ ಒಂದು ಹಿಡಿ ಹೂಳು ಸಾಕು, ಮನೆ ತಣ್ಣಗೆ.

ರಾತ್ರಿ ಅಪ್ಪನಿಗೆ ಫೋನಿನಲ್ಲಿ ಇದನ್ನೆಲ್ಲ ಹೇಳಿದೆ. ಅಪ್ಪ ನಕ್ಕು, "ತಮ್ಮಾ, ನಮ್ಮ ಹಿತ್ತಲ ಬಾವ್ಯಾಗ ಬ್ಯಾಸಗಿಗೆ ಇಬ್ರು ಇಳದು ರಾಡಿ ತೆಗೀತಿದ್ರಲ್ಲ, ಅದ ಕತಿ ಬಿಡು" ಅಂದರು. ಆ ಬಾವಿಯ ಕಟ್ಟೆಗೆ ಅದನ್ನು ತೋಡಿಸಿದ ಮುತ್ತಜ್ಜನ ಹೆಸರಿನ ಕಲ್ಲಿದೆ. "ರಾಡಿ ತೆಗೆದವರ ಹೆಸರೇನಪ್ಪಾ?" ಎಂದು ಕೇಳಿದೆ. ಅಪ್ಪ ಬಹಳ ಹೊತ್ತು ಯೋಚಿಸಿದರು. ನೆನಪಾಗಲಿಲ್ಲ. ನಳ ಬಂದ ಮೇಲೆ ಅವರನ್ನು ಕರೆಯುವುದು ನಿಂತಿತು, ಆಮೇಲೆ ಬಾವಿಯೂ ಹಾಳಾಯಿತು.

ಆವತ್ತಿನಿಂದ ನನಗೆ ಇದೇ ಗುಂಗು. ಕಿತ್ತೂರು ಕೋಟೆಯ ಸುತ್ತ ಕಂದಕ ಇದೆ. ಅದು ಆಳವಾಗಿ ಉಳಿಯಬೇಕಾದರೆ ಯಾರೋ ಇಳಿದು ರಾಡಿ ಎತ್ತಿರಲೇಬೇಕಲ್ಲವೇ? 1824ರ ಯುದ್ಧದ ಪಾಠದಲ್ಲಿ ಥ್ಯಾಕರೆಯ ಹೆಸರಿದೆ, ಅವರದ್ದಿಲ್ಲ. ಆದರೆ ನಮ್ಮ ಹಿರಿಯರು ಇದನ್ನು ಪೂರ್ತಿ ಮರೆತವರಲ್ಲ. ಕರ್ನಾಟಕದ ಶಾಸನಗಳಲ್ಲಿ ಬಿತ್ತುವಟ್ಟ, ಕೆರೆಗೊಡಗೆ ಎಂಬ ಮಾತುಗಳು ಬರುತ್ತವೆ. ಕೆರೆ ಕಟ್ಟಿದವರಿಗೆ ಮಾತ್ರವಲ್ಲ, ಅದನ್ನು ನೋಡಿಕೊಳ್ಳುವುದಕ್ಕೂ ಭೂಮಿ ಬಿಡುತ್ತಿದ್ದರು. ಹೂಳು ಹೊರುವ ಬಂಡಿಗೆಂದೇ ದತ್ತಿ ಕೊಟ್ಟದ್ದೂ ಉಂಟು. ತೆಗೆದ ಗೋಡುಮಣ್ಣು ಹೊಲಕ್ಕೆ ಗೊಬ್ಬರ.

ಈಗ ಸವದತ್ತಿಯ ನವಿಲುತೀರ್ಥ ಅಣೆಕಟ್ಟು ನೋಡಿ. 1972ರಲ್ಲಿ ಮುಗಿದ ಈ ಜಲಾಶಯದ ಸಾಮರ್ಥ್ಯ 37.73 ಟಿಎಂಸಿ ಎಂದು ನಾವೆಲ್ಲ ಬಾಯಿಪಾಠ ಮಾಡಿದ್ದೇವೆ. ಅಣೆಕಟ್ಟು ಕಟ್ಟುವಾಗ ತಳದಲ್ಲಿ ಹೂಳಿಗೆಂದು ಸ್ವಲ್ಪ ಜಾಗ ಬಿಟ್ಟು ಲೆಕ್ಕ ಹಾಕುತ್ತಾರೆ. ಆದರೆ ನದಿ ಲೆಕ್ಕ ಕೇಳುವುದಿಲ್ಲ. ಅದು ತಂದ ಮಣ್ಣು ತಳದಲ್ಲೂ ಕೂರುತ್ತದೆ, ನೀರಿಗಾಗಿ ಇಟ್ಟ ಜಾಗದಲ್ಲೂ ಕೂರುತ್ತದೆ. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ರಾಮದುರ್ಗದ ಮನೆಗಳಿಗೆ ನುಗ್ಗಿದ್ದನ್ನು ಕಂಡವರಿಗೆ ಜಲಾಶಯದಲ್ಲಿ ಎಷ್ಟು ಜಾಗ ಉಳಿದಿದೆ ಎಂಬುದು ಬರೀ ಅಂಕಿಯಲ್ಲ.

ಕಟ್ಟುವುದು ಒಂದು ಸಲದ ಕೆಲಸ. ಹೂಳೆತ್ತುವುದು ಪ್ರತಿ ವರ್ಷದ್ದು. ನಾವು ಮೊದಲನೆಯದಕ್ಕೆ ಕಲ್ಲು ನೆಟ್ಟೆವು, ಎರಡನೆಯದಕ್ಕೆ ಕೂಲಿ ಕೊಟ್ಟು ಮರೆತೆವು ಅಂತ ನನಗನ್ನಿಸುತ್ತದೆ. ಸಾಫ್ಟ್‌ವೇರ್‌ನಲ್ಲೂ ಇದೇ ಕತೆ, ಹಳೆಯ ಕೋಡ್ ಸರಿಮಾಡಿದವನನ್ನು ಯಾರು ಕೇಳುತ್ತಾರೆ ಹೇಳಿ :)

ಅಂದಹಾಗೆ ಮಗುವಿನ ಕೆಮ್ಮು ಈಗ ಇಲ್ಲ, ಕೋಣೆ ಬೆಚ್ಚಗಿದೆ. ನಿಮ್ಮ ಊರಿನ ಬಾವಿ, ಕೆರೆಗಳ ರಾಡಿ ತೆಗೆಯುತ್ತಿದ್ದವರು ನಿಮಗೆ ನೆನಪಿದ್ದಾರೆಯೇ? ಅವರ ಬಗ್ಗೆ ನಿಮ್ಮ ಬ್ಲಾಗಿನಲ್ಲಿ ಎರಡು ಸಾಲು ಬರೆಯಿರಿ. ನಾನಂತೂ ಮುಂದಿನ ಸಲ ಊರಿಗೆ ಹೋದಾಗ ಓಣಿಯ ಹಿರಿಯರನ್ನು ಕೇಳಿ ಆ ಇಬ್ಬರ ಹೆಸರು ಹುಡುಕುವವನಿದ್ದೇನೆ.