ದೇವಾಲಯಕ್ಕೆ ಮೊದಲು ಮನೆಯ ಜಪ

ಶತಮಾನೋತ್ಸವದ ಸ್ಮರಣ ಸಂಚಿಕೆಗಳಲ್ಲಿ ಗೋಡೆ ಗೋಪುರಗಳ ಚರಿತ್ರೆ ಸಾಮಾನ್ಯವಾಗಿ ದೊರೆಯುತ್ತದೆ. ಅಡಿಗಲ್ಲನ್ನಿಟ್ಟವರು ಯಾರು, ಗಂಟೆ ಎಲ್ಲಿಂದ ಬಂತು, ಯಾವ ವಿಗಾರರ ಕಾಲದಲ್ಲಿ ಮಾಡು ಏರಿತು ಎಂಬುದನ್ನೆಲ್ಲ ಕೃತಜ್ಞತೆಯಿಂದ ಸ್ಮರಿಸುವುದು ಯೋಗ್ಯವೇ ಆಗಿದೆ. ಆದರೆ ಯಾವ ದಾಖಲೆ ಪುಸ್ತಕವನ್ನೂ ಸೇರದ ಇನ್ನೊಂದು ಚರಿತ್ರೆ ನಮಗುಂಟು. ಅದು ಸಂಜೆಯ ದೀಪದ ಮುಂದೆ ನಡೆದ ಮನೆಯ ಪ್ರಾರ್ಥನೆಯ ಚರಿತ್ರೆ. ಪುತ್ತೂರು, ಸುಳ್ಯ, ಕಡಬಗಳ ಈ ಮಲೆಸೆರಗಿನಲ್ಲಿ ನಮ್ಮ ಸಮಾಜವನ್ನು ಮೊದಲು ಕಟ್ಟಿದ್ದು ಆ ಜಪ; ಇಗರ್ಜಿ ಬಂದದ್ದು ಬಳಿಕ.

ಕರಾವಳಿಯ ಕ್ರೈಸ್ತರು ಈ ಪಾಠವನ್ನು ಸೆರೆವಾಸದಲ್ಲಿ ಕಲಿತರು. 1784ರಲ್ಲಿ ಟಿಪ್ಪು ಸುಲ್ತಾನನ ಆಜ್ಞೆಯಂತೆ ಕೆನರಾದ ಸಹಸ್ರಾರು ಕ್ರೈಸ್ತರನ್ನು ಶ್ರೀರಂಗಪಟ್ಟಣಕ್ಕೆ ಒಯ್ಯಲಾಯಿತು. ಗುರುಗಳು ಗಡೀಪಾರಾದರು, ದೇವಾಲಯಗಳು ನೆಲಸಮವಾದವು. ದಾರಿಯಲ್ಲಿಯೂ ಸೆರೆಯಲ್ಲಿಯೂ ಅನೇಕರು ಮಡಿದರು. 1799ರ ಮೇ 4ರಂದು ಕೋಟೆ ಬೀಳುವವರೆಗೆ, ಸುಮಾರು 15 ವರ್ಷಗಳ ಕಾಲ, ಒಂದು ತಲೆಮಾರು ಬಹುಮಟ್ಟಿಗೆ ಪೂಜೆಯಿಲ್ಲದೆ, ಪಾಪನಿವೇದನೆಯಿಲ್ಲದೆ ಬೆಳೆಯಿತು. ಅವರ ಬಳಿ ಉಳಿದದ್ದು ತಂದೆತಾಯಿಗಳ ಬಾಯಲ್ಲಿದ್ದ ಪರಲೋಕ ಮಂತ್ರ, ನಮೋ ಮರಿಯ ಮಂತ್ರಗಳು ಮಾತ್ರ. ಕಲ್ಲಿನ ಗುಡಿಯನ್ನು ಕೆಡವಬಹುದು. ತಾಯಿಯಿಂದ ಮಗುವಿಗೆ ಬಾಯಿಂದ ಬಾಯಿಗೆ ಬಂದ ಮಂತ್ರವನ್ನು ಕೆಡವುವುದು ಹೇಗೆ?

ಇದಕ್ಕೆ ದೂರದ ಜಪಾನಿನಲ್ಲಿಯೂ ಸಾಕ್ಷ್ಯವಿದೆ. ಅಲ್ಲಿ ಧರ್ಮಹಿಂಸೆಯಿಂದಾಗಿ ಇನ್ನೂರಕ್ಕೂ ಹೆಚ್ಚು ವರ್ಷ ಗುರುಗಳೇ ಇರಲಿಲ್ಲ. 1865ರ ಮಾರ್ಚ್ 17ರಂದು ನಾಗಸಾಕಿಯ ಔರಾ ದೇವಾಲಯಕ್ಕೆ ಬಂದ ಕೆಲವು ರೈತಾಪಿ ಜನರು, ತಾವೂ ಅದೇ ವಿಶ್ವಾಸದವರೆಂದು ಫ್ರೆಂಚ್ ಗುರು ಪೆತಿಜಾನರಿಗೆ ಮೆಲ್ಲನೆ ತಿಳಿಸಿ, ಮರಿಯ ಮಾತೆಯ ಪ್ರತಿಮೆ ಎಲ್ಲಿದೆಯೆಂದು ಕೇಳಿದರು. ಏಳು ತಲೆಮಾರುಗಳ ಕಾಲ ಅವರ ವಿಶ್ವಾಸವನ್ನು ಕಾದದ್ದು ಮನೆಯೊಳಗಿನ ಪ್ರಾರ್ಥನೆಯೇ.

ಸೆರೆಯಿಂದ ಮರಳಿದವರು ಹೊಲಮನೆಗಳನ್ನು ಮತ್ತೆ ಎಬ್ಬಿಸಿದರು. 1830ರಲ್ಲಿ ಪುತ್ತೂರಿನಲ್ಲಿ ಮಾಯಿ ದೆ ದೇವುಸ್, ಅಂದರೆ ‘ದೇವರ ಮಾತೆ’ ಎಂಬ ಪೋರ್ಚುಗೀಸ್ ಹೆಸರಿನ ದೇವಾಲಯ ಸ್ಥಾಪನೆಯಾಯಿತು. ಆದರೆ ಸುಳ್ಯದ ಕಡೆಯವರಿಗೆ ಪುತ್ತೂರೆಂದರೆ 30 ಕಿಲೋಮೀಟರಿಗೂ ಮಿಕ್ಕಿದ ಕಾಡುದಾರಿ. ಮಳೆಗಾಲದಲ್ಲಿ ಪಯಸ್ವಿನಿ, ಕುಮಾರಧಾರೆಗಳು ತುಂಬಿ ಹರಿದರೆ ಆಚೆಯವರು ಆಚೆ, ಈಚೆಯವರು ಈಚೆ. ಕಡಬದ ಬಳಿಯ ಹೊಸಮಠದ ಹಳೆಯ ಮುಳುಗು ಸೇತುವೆ ನೀರಿನಡಿ ಹೋಗುತ್ತಿದ್ದುದನ್ನು ನಮ್ಮಲ್ಲಿ ಅನೇಕರು ಕಣ್ಣಾರೆ ಕಂಡಿದ್ದೇವೆ. ಇಂಥ ನಾಡಿನಲ್ಲಿ ಆದಿತ್ಯವಾರದ ಪೂಜೆ ತಪ್ಪುತ್ತಿತ್ತು. ಸಂಜೆಯ ತೇರ್ಸ್ ತಪ್ಪುತ್ತಿರಲಿಲ್ಲ.

ಹಿರಿಯರಿಗೆ ಆ ಚಿತ್ರ ಚೆನ್ನಾಗಿ ನೆನಪಿರಬಹುದು. ಗದ್ದೆ ತೋಟಗಳಿಂದ ಬಂದವರು ಕೈಕಾಲು ತೊಳೆದು ಪೀಠದ ಮುಂದೆ ಮೊಣಕಾಲೂರುತ್ತಿದ್ದರು. ಅಜ್ಜಿ ಜಪಸರ ಹಿಡಿದು ಆರಂಭಿಸಿದರೆ ಉಳಿದವರು ಉತ್ತರ ಕೊಡುತ್ತಿದ್ದರು. ನಿದ್ದೆಗೆ ಜಾರಿದ ಮಗುವಿಗೆ ಮೆಲ್ಲನೆ ಒಂದು ಏಟು ಬೀಳುವುದೂ ಇತ್ತು. ಸತ್ತವರಿಗಾಗಿ, ರೋಗಿಗಳಿಗಾಗಿ, ಮುಂಬಯಿಗೆ ಹೋದ ಮಗನಿಗಾಗಿ ಒಂದೊಂದು ಪರಲೋಕ ಮಂತ್ರ ಸಲ್ಲುತ್ತಿತ್ತು. ಕೊನೆಯಲ್ಲಿ ಕಿರಿಯರು ಕೈಮುಗಿದು ಹಿರಿಯರಿಂದ ‘ಬೆಸಾಂವ್’ ಬೇಡುತ್ತಿದ್ದರು. ಹಗಲು ಜಗಳವಾಡಿದ ಅಪ್ಪ ಮಗನೂ ಆ ಆಶೀರ್ವಾದದ ಹೊತ್ತಿಗೆ ಮುಖಾಮುಖಿಯಾಗಲೇಬೇಕಿತ್ತು.

ಕಳೆದ ಶತಮಾನದ ಮಧ್ಯಭಾಗದಲ್ಲಿ ಕೇರಳದಿಂದ ಕಡಬ, ನೆಲ್ಯಾಡಿಗಳ ಕಡೆಗೆ ಕೃಷಿಗಾಗಿ ಬಂದ ಸಿರಿಯನ್ ಸಂಪ್ರದಾಯದ ಕುಟುಂಬಗಳ ಕಥೆಯೂ ಇದೇ. ಕಾಡು ಕಡಿದು ಗುಡಿಸಲು ಕಟ್ಟಿದ ಅವರಿಗೆ ಮಲಯಾಳದ ಸಂಧ್ಯಾಪ್ರಾರ್ಥನೆಯೇ ಊರು, ಅದೇ ದೇವಾಲಯ. 1999ರಲ್ಲಿ ಬೆಳ್ತಂಗಡಿಯಲ್ಲಿ ಸಿರೋ ಮಲಬಾರ್ ಧರ್ಮಪ್ರಾಂತ್ಯವೂ, 2010ರಲ್ಲಿ ಪುತ್ತೂರಿನಲ್ಲಿ ಸಿರೋ ಮಲಂಕರ ಧರ್ಮಪ್ರಾಂತ್ಯವೂ ಸ್ಥಾಪನೆಯಾದವು. ಕೊಂಕಣಿಯಲ್ಲಿ ಜಪಿಸುವ ಮನೆ, ಮಲಯಾಳದಲ್ಲಿ ಜಪಿಸುವ ಮನೆ ಇಂದು ಒಂದೇ ಬೇಲಿಯ ಎರಡು ಬದಿಗಿವೆ, ತಂದೆ ಒಬ್ಬನೇ.

ಹೇಳಿದ್ದನ್ನೇ ಹೇಳುವುದು ಪ್ರಾರ್ಥನೆಯೇ ಎಂದು ಇಂದಿನ ಯುವಜನರು ಕೇಳುತ್ತಾರೆ. ಪ್ರಶ್ನೆ ಅಲ್ಲಗಳೆಯುವಂಥದ್ದಲ್ಲ. ಬರಿಯ ಮಾತುಗಳ ರಾಶಿಯಿಂದ ದೇವರು ಒಲಿಯುವನೆಂದು ಭಾವಿಸಬಾರದೆಂದು ಪ್ರಭು ಯೇಸುವೇ ಎಚ್ಚರಿಸಿದ್ದಾರೆ. ಆದರೆ ಪ್ರಾರ್ಥಿಸಲು ಕಲಿಸೆಂದು ಶಿಷ್ಯರು ಬೇಡಿದಾಗ ಅವರು ಕೊಟ್ಟದ್ದೂ ಕಂಠಸ್ಥ ಮಾಡಬಲ್ಲ ಕೆಲವೇ ಮಾತುಗಳನ್ನು. ಆ ಮಾತುಗಳಲ್ಲಿ ‘ನನ್ನ’ ಎಂಬುದಿಲ್ಲ, ‘ನಮ್ಮ’ ಎಂಬುದಿದೆ. ಅಡಿಕೆ ತೋಟಕ್ಕೆ ಏತದಿಂದ ನೀರೆತ್ತಿದವರಿಗೆ ಗೊತ್ತು: ಪ್ರತಿ ಎಳೆತವೂ ಹಿಂದಿನದರಂತೆಯೇ ಇರುತ್ತದೆ, ಆದರೂ ಗಿಡದ ಬುಡ ತೇವವಾಗುತ್ತದೆ. ಮನಸ್ಸಿಲ್ಲದೆ ಎಳೆದರೆ ಕೊಡ ಬರಿದಾಗಿ ಮೇಲೆ ಬರುವುದೂ ನಿಜ. ಆದುದರಿಂದ ಜಪಸರದ ಒಂದೊಂದು ರಹಸ್ಯದಲ್ಲಿ ಕ್ರಿಸ್ತರ ಬದುಕಿನ ಒಂದು ಘಟನೆಯನ್ನು ಧ್ಯಾನಿಸಬೇಕೆಂದು ಧರ್ಮಸಭೆ ಬೋಧಿಸುತ್ತದೆ. 2002ರಲ್ಲಿ ಜಗದ್ಗುರು ಎರಡನೆಯ ಜಾನ್ ಪಾವ್ಲರು ಬೆಳಕಿನ ಐದು ರಹಸ್ಯಗಳನ್ನು ಸೇರಿಸಿದ್ದೂ ಈ ಧ್ಯಾನವನ್ನು ಪೂರ್ಣಗೊಳಿಸುವುದಕ್ಕಾಗಿಯೇ.

ಇಂದು ನಮಗೆ ದಾರಿ ದೂರವಲ್ಲ, ಹೊಳೆ ಅಡ್ಡವಲ್ಲ. ದೇವಾಲಯ ಹತ್ತಿರ ಬಂದಿದೆ. ಆದರೆ ಮನೆಯ ಪೀಠ ದೂರವಾಗಿದೆ. ಸಂಜೆಯ ಗಂಟೆ ಬಾರಿಸಿದಾಗ ಒಬ್ಬರು ದೂರದರ್ಶನದ ಮುಂದೆ, ಇನ್ನೊಬ್ಬರು ಮೊಬೈಲ್ ಹಿಡಿದು, ಮತ್ತೊಬ್ಬರು ವಿದೇಶದಲ್ಲಿ. ಹಿಂಸೆ ಕಸಿದುಕೊಳ್ಳಲಾರದ್ದನ್ನು ಅನುಕೂಲತೆ ಕಸಿದುಕೊಂಡೀತೇ ಎಂಬುದು ಈ ಶತಮಾನೋತ್ಸವ ನಮ್ಮ ಮುಂದಿಡುವ ಪ್ರಶ್ನೆ. ಪೂರ್ತಿ ಐವತ್ತ್ಮೂರು ಮಣಿಗಳಿಗೆ ಬಿಡುವಿಲ್ಲದಿದ್ದರೆ ಹತ್ತು ಮಣಿಗಳಿಂದಲಾದರೂ ತೊಡಗೋಣ. ಒಂದು ಪರಲೋಕ ಮಂತ್ರ, ಒಂದು ಬೆಸಾಂವ್ ಮನೆಗೆ ಮರಳಿ ಬಂದರೂ ಅದು ಚಿಕ್ಕ ಆರಂಭವಲ್ಲ.

ನೂರು ವರ್ಷಗಳ ಹಿಂದೆ ನಮ್ಮ ಹಿರಿಯರು ಈ ದೇವಾಲಯಕ್ಕೆ ಕಲ್ಲು ಹೊತ್ತಾಗ ಅವರ ಮನೆಗಳಲ್ಲಿ ದೀಪ ಆಗಲೇ ಉರಿಯುತ್ತಿತ್ತು. ಆ ದೀಪವನ್ನು ಆರಗೊಡದೆ ಮುಂದಿನ ತಲೆಮಾರಿನ ಕೈಗಿಡುವ ವರವನ್ನು ದೇವಮಾತೆಯ ವಿಜ್ಞಾಪನೆಯ ಮೂಲಕ ಪ್ರಭುವು ನಮ್ಮೆಲ್ಲರಿಗೂ ದಯಪಾಲಿಸಲಿ.