ಸರಪಣಿಯ ಲೆಕ್ಕ

ಇಂದಿನ ಬೆಂಗಳೂರಿನ ಸಾಫ್ಟ್‌ವೇರ್ ಕಚೇರಿಗಳಲ್ಲಿ ಒಬ್ಬನು ಎಷ್ಟು ಸಾಲು ಬರೆದನು, ಎಷ್ಟು ದೋಷ ತಿದ್ದಿದನು ಎಂಬುದನ್ನು ಯಂತ್ರವೇ ಎಣಿಸಿ ಮೇಲಧಿಕಾರಿಯ ಮುಂದಿಡಬಲ್ಲುದು. ಅಂಕಿಗಳಿಂದ ಕೆಲಸ ನಡೆಯಿಸುವ ಈ ಕ್ರಮವು ಹೊಸತೆಂದು ಅನೇಕರು ಭಾವಿಸಿರುವರು. ಇದರ ಹಳೆಯ ರೂಪವೊಂದನ್ನು ನಮ್ಮ ಆಸ್ಪರಿ-ಆದವಾನಿ ಸೀಮೆಯ ಹೊಲಗಳು ಇನ್ನೂರು ವರ್ಷಗಳ ಹಿಂದೆಯೇ ಕಂಡಿವೆ.

1800ರಲ್ಲಿ ನಿಜಾಮನು ಬಳ್ಳಾರಿ, ಆದವಾನಿ, ಕಡಪ ಮೊದಲಾದ ಸೀಮೆಗಳನ್ನು ಕಂಪೆನಿ ಸರಕಾರಕ್ಕೆ ಬಿಟ್ಟುಕೊಟ್ಟನು. ಈ ದತ್ತಮಂಡಲಕ್ಕೆ ಪ್ರಧಾನ ಕಲೆಕ್ಟರನಾಗಿ ಬಂದವನು ಥಾಮಸ್ ಮನ್ರೊ. ಒಬ್ಬೊಬ್ಬ ರೈತನಿಂದಲೂ ನೇರವಾಗಿ ಕಂದಾಯ ಎತ್ತಬೇಕಾದರೆ ಹೊಲಹೊಲವನ್ನೂ ಅಳೆಯಲೇಬೇಕು. 1802ರಲ್ಲಿ ಅಳತೆ ಮೊದಲಾಯಿತು. ಸರಪಣಿಯ ಉದ್ದ 33 ಅಡಿ. ಅಷ್ಟುದ್ದ ಅಷ್ಟಗಲದ ತುಂಡುಗಳು 40 ಸೇರಿದರೆ ಒಂದು ಎಕರೆ. (ಕರ್ನಾಟಕದ ರೈತರು ಗುಂಟೆಯೆನ್ನುವುದೂ ಇಷ್ಟೇ ನೆಲವನ್ನು.)

ಮೋಜಣಿದಾರರಿಗೆ ತಿಂಗಳ ಸಂಬಳವಿರಲಿಲ್ಲ. ಅಳೆದ ಎಕರೆಗಳ ಲೆಕ್ಕದಲ್ಲಿ ಕೂಲಿ. ಶ್ರಮಿಸಿ ದುಡಿದವನಿಗೆ ತಿಂಗಳಿಗೆ ಸುಮಾರು ಆರು ವರಹ ದೊರೆಯುವಂತೆ ದರ ಕಟ್ಟಿದ್ದರು. ಎಕರೆಗೆ ಇಷ್ಟೆಂದರೆ ಕೆಲಸ ಓಡುವುದು, ಸರಪಣಿ ಸಡಿಲುವುದು! ಮನ್ರೊ ಇದನ್ನು ಚೆನ್ನಾಗಿ ಬಲ್ಲವನಾಗಿದ್ದನು. ಆದುದರಿಂದ ಮೇಲ್ವಿಚಾರಣೆಯ ಮೋಜಣಿದಾರರಿಗೆ ಮಾತ್ರ ತಿಂಗಳ ಸಂಬಳವನ್ನೇ ಗೊತ್ತುಮಾಡಿದನು. ಕೈಕೆಳಗಿನವರು ಅಳೆದುದರಲ್ಲಿ ಹತ್ತನೆಯ ಒಂದು ಪಾಲನ್ನು ಅವರು ತಾವೇ ಮತ್ತೆ ಅಳೆಯಬೇಕು. ಖುಷ್ಕಿಯಲ್ಲಿ ನೂರಕ್ಕೆ ಹತ್ತು, ತರಿಯಲ್ಲಿ ನೂರಕ್ಕೆ ಐದು ತಪ್ಪು ಸಿಕ್ಕಿತೆಂದರೆ ಅಳೆದವನಿಗೆ ಕೆಲಸದಿಂದ ವಜಾ. ತಪಾಸಣೆ ಮಾಡುವವನ ಸಂಪಾದನೆಯನ್ನು ಎಕರೆಗಳಿಗೆ ಕಟ್ಟಿಹಾಕದಿದ್ದುದೇ ಈ ಏರ್ಪಾಟಿನ ಜಾಣತನವೆಂದು ನಮಗೆ ತೋರುತ್ತದೆ.

ಆದರೆ ಸರಪಣಿ ಹೇಳುವುದು ಅಗಲ-ಉದ್ದವನ್ನು ಮಾತ್ರ. ಎರೆಯ ಹತ್ತೆಕರೆಯೂ ಮಸಾರಿಯ ಹತ್ತೆಕರೆಯೂ ಅದಕ್ಕೆ ಒಂದೇ. ಅದಕ್ಕಾಗಿ ದರ ಕಟ್ಟುವವರು ಬೇರೆ ಬಂದು, ಊರಿನ ರೆಡ್ಡಿ, ಕರಣ, ರೈತರನ್ನು ಕೂಡಿಸಿಕೊಂಡು ನೆಲವನ್ನು ತರತರವಾಗಿ ವಿಂಗಡಿಸಿದರು. ಇಷ್ಟೆಲ್ಲ ಎಚ್ಚರಿಕೆಯಿಂದ ಸಿದ್ಧವಾದ ಕಂದಾಯವೂ ಮಳೆ ಕಡಿಮೆಯ ಈ ನಾಡಿಗೆ ಭಾರವೇ ಆಯಿತು. ಅದನ್ನು ಮನ್ರೊ ತಾನೇ ಬರೆದು ತಿಳಿಸಿದನು: ಎಲ್ಲ ನೆಲಕ್ಕೂ ನೂರಕ್ಕೆ 25 ಇಳಿಸಬೇಕು, ಬಾವಿಯ ನೆಲಕ್ಕೆ ಇನ್ನೂ 8 ಇಳಿಸಬೇಕು ಎಂಬುದು 1807ರ ಅವನ ಸಲಹೆ. ಸರಕಾರವು ಅದನ್ನು ಒಪ್ಪಲಿಲ್ಲ. ಅವನು ಹೋದ ಮೇಲೆ ಊರೂರನ್ನೇ ಗುತ್ತಿಗೆಗೆ ಕೊಟ್ಟಿತು. ಬಹು ರೈತರು ಇದರಿಂದ ಬಡವಾದರು.

1820ರಲ್ಲಿ ಮನ್ರೊ ಮದರಾಸಿನ ಗವರ್ನರನಾಗಿ ಮರಳಿದ ಮೇಲೆಯೇ ಆ ಇಳಿಕೆ ಜಾರಿಗೆ ಬಂದಿತು. 1827ರ ಜುಲೈ 6ರಂದು, ಇದೇ ಸೀಮೆಯ ಸಂಚಾರದಲ್ಲಿದ್ದಾಗ, ನಮಗೆ ನೆರೆಯ ಪತ್ತಿಕೊಂಡದಲ್ಲಿ ಅವನು ಕಾಲರಾದಿಂದ ತೀರಿಕೊಂಡನು.