ಆಯ್ದಕ್ಕಿ ದಂಪತಿಗಳ ಮನೆಯ ಅಳತೆ

ಉದ್ಯೋಗದ ಏರಿಕೆಯಿಂದಲೇ ಬಾಳಿನ ಸಾರ್ಥಕ್ಯವನ್ನು ಅಳೆಯುವ ಈ ಕಾಲದಲ್ಲಿ ಆಯ್ದಕ್ಕಿ ದಂಪತಿಗಳ ಗೃಹಸ್ಥಜೀವನವನ್ನು ನೆನೆಯುವುದು ಲೇಸು. 12ನೆಯ ಶತಮಾನದಲ್ಲಿ ರಾಯಚೂರು ಸೀಮೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಮಾರಯ್ಯ, ಲಕ್ಕಮ್ಮನವರದು ಚೆಲ್ಲಿದ ಅಕ್ಕಿಯನ್ನಾಯ್ದು ದಾಸೋಹ ನಡೆಸುವ ಕಾಯಕ. ಒಂದು ದಿನ ಮಾರಯ್ಯನವರು ಎಂದಿಗಿಂತ ಹೆಚ್ಚು ಅಕ್ಕಿ ತಂದರೆಂದು ಪ್ರತೀತಿ. ಬಿಜ್ಜಳನ ಭಂಡಾರಿ ಬಸವಣ್ಣನವರ ಅಂಗಳದ ಅಕ್ಕಿಯದು, ಬೇರೆಯವರಾದರೆ ಭಾಗ್ಯವೆಂದಾರು. ಲಕ್ಕಮ್ಮನವರಾದರೋ ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬರುವಂತೆ ಪತಿಯನ್ನು ಕಳುಹಿದರು. ದುಡಿಮೆ ಎಷ್ಟಾದರೆ ಸಾಕೆಂಬುದನ್ನು ನಿರ್ಣಯಿಸಿದುದು ಆ ಮನೆಯ ಒಲೆ. ಹಾಗೆಂದು ಮನೆಯ ನೆಪದಲ್ಲಿ ಆಲಸ್ಯಕ್ಕೆ ಅವರು ಎಡೆಗೊಟ್ಟವರಲ್ಲ. ಅನುಭಾವಗೋಷ್ಠಿಯಲ್ಲಿ ಮೈಮರೆತ ಪತಿಗೆ ಕಾಯಕದ ಹೊತ್ತನ್ನು ನೆನಪಿಸಿದವರೂ ಅವರೇ. ಅವರ ವಚನಗಳ ಅಂಕಿತದಲ್ಲಿ ಪತಿಯ ಹೆಸರೂ ಸೇರಿದೆ: ‘ಮಾರಯ್ಯಪ್ರಿಯ ಅಮರೇಶ್ವರಲಿಂಗ’.